ಒಂದೇ ಬೆಳಿಗ್ಗೆ ಎಲ್ಲರಿಗೂ ವಯಸ್ಸಾದದ್ದು

ಸಂಜೆ ಅಂಗಡಿ ಮುಚ್ಚುವಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಮರುದಿನ ಬೆಳಿಗ್ಗೆ ಬಂದು ಕಂಪ್ಯೂಟರ್ ಚಾಲೂ ಮಾಡಿ ಅದೇ ಎಕ್ಸೆಲ್ ಶೀಟು ತೆರೆದರೆ ಮೂವತ್ತು. ನಡುವೆ ನಾನು ಮಾಡಿದ್ದೆಂದರೆ ಊರಿಗೆ ಹೋಗಿ ಉಂಡು ಮಲಗಿ, ಎದ್ದು, ಏಕಸಂಬಿ ಕಡೆಯಿಂದ ಬರುವ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಚಿಕ್ಕೋಡಿಗೆ ಬಂದದ್ದು. ಆ ಬಸ್ಸಿನಲ್ಲಿ ನಿಂತರೆ ವಯಸ್ಸಾದಂತೆ ಅನ್ನಿಸುವುದು ನಿಜ. ಆದರೆ ಅದು ಶೀಟಿಗೆ ಹೇಗೆ ಗೊತ್ತಾಯಿತು?

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಟೈಪಿಂಗ್ ಮಾಡುತ್ತೇನೆ, ಆನ್‌ಲೈನ್ ಅರ್ಜಿ ತುಂಬುತ್ತೇನೆ, ಜಮೀನಿನ ಪಹಣಿ ಉತಾರ ತೆಗೆದು ಕೊಡುತ್ತೇನೆ. ಆ ವಾರದ ದೊಡ್ಡ ಕೆಲಸ ನಮ್ಮ ಸಮಾಜದ ವಧು-ವರ ಮೇಳಾವದ ಪುಸ್ತಕ. ರಾಯಬಾಗ, ಅಥಣಿ, ಕಾಗವಾಡದಿಂದೆಲ್ಲ ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರು ತಂದೆತಾಯಿಗಳ ಜೊತೆ ಒಂದೇ ಕಡೆ ಸೇರುತ್ತಾರೆ. ಬಂದವರ ಕೈಗೆ ಒಂದು ಪುಸ್ತಕ ಕೊಡುತ್ತಾರೆ. ಅದರಲ್ಲಿ ಎಲ್ಲರ ಓದು, ಎತ್ತರ, ಕೆಲಸ, ವಯಸ್ಸು, ಎಂಥ ಜೋಡಿ ಬೇಕು ಎಂಬ ಅಪೇಕ್ಷೆ. ಮೇಳಾವ ಭಾನುವಾರ ಇತ್ತು. ಪುಸ್ತಕ ನಾನು ಶೀಟು ತೆರೆದ ಆ ದಿನವೇ ನಿಪ್ಪಾಣಿಯ ಪ್ರೆಸ್ಸಿಗೆ ಹೋಗಬೇಕಿತ್ತು.

ಇದನ್ನೆಲ್ಲ ನಡೆಸುವವರು ನಮ್ಮೂರ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾದವರು. ನನಗೆ ಒಂದನೇ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದವರು ಅವರೇ. ಬಟ್ಟೆಯ ಚೀಲದ ತುಂಬ ಬಯೋಡೇಟಾ ತಂದು ನನ್ನ ಮೇಜಿನ ಮೇಲೆ ಸುರಿದು, ಹಾಗೆಯೇ ನಿನ್ನದನ್ನೂ ಒಂದು ಬರೆದುಬಿಡು ಎಂದಿದ್ದರು. ಊರ ಮಂದಿಯದೆಲ್ಲ ಟೈಪ್ ಮಾಡುವವಳು ತನ್ನದನ್ನು ಬಿಟ್ಟರೆ ಜನ ಏನನ್ನುತ್ತಾರೆ ಎಂಬುದು ಅವರ ವಾದ. ನಾನು ಮೂಗು ಮುರಿದೆ. ಆದರೂ ಬರೆದೆ.

ಮೂಗು ಮುರಿದದ್ದು ಹಾರೂಗೇರಿಯ ಒಬ್ಬರ ಬಯೋಡೇಟಾ ಕೈಗೆ ಬರುವ ತನಕ. ಹಾರೂಗೇರಿಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡವರು. ಅಪೇಕ್ಷೆಯ ಕಾಲಮ್ಮಿನಲ್ಲಿ ಉಳಿದ ಗಂಡಸರೆಲ್ಲ ಒಬ್ಬರನ್ನೊಬ್ಬರು ನೋಡಿ ಕಾಪಿ ಹೊಡೆದಂತೆ ಬೆಳ್ಳಗಿರಬೇಕು, ಮನೆಗೆಲಸ ಬರಬೇಕು, ಹಿರಿಯರಿಗೆ ತಗ್ಗಿ ಬಗ್ಗಿ ನಡೆಯಬೇಕು ಎಂದು ಬರೆದಿದ್ದರು. ಈತ ಬರೆಸಿದ್ದು ಇಷ್ಟೇ: ಮಾತಾಡುವವಳು ಬೇಕು, ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಓದಿ ಒಬ್ಬಳೇ ನಕ್ಕೆ. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ಮುಚ್ಚಿಡುವುದೇನು, ಆ ಮನುಷ್ಯ ನನಗೆ ಹಿಡಿಸಿದ.

ಪುಸ್ತಕದ ಕರಡನ್ನು ಹೆಡ್‌ಮಾಸ್ತರರು ಹಿಂದಿನ ವಾರವೇ ಎಲ್ಲರ ಫೋನಿಗೆ ಕಳಿಸಿದ್ದರು. ಅದನ್ನು ನೋಡಿ ಹಾರೂಗೇರಿಯವರ ತಾಯಿ ಫೋನು ಮಾಡಿ, ಏಕಸಂಬಿ ಕಡೆಯ ಆ ಹುಡುಗಿಯನ್ನು, ಅಂದರೆ ನನ್ನನ್ನು, ಮೇಳಾವದಲ್ಲಿ ನೋಡುತ್ತೇವೆ, ಉಳಿದದ್ದೆಲ್ಲ ಸರಿ, ಮೂವತ್ತರ ಒಳಗಿದ್ದರೆ ಸಾಕು ಎಂದಿದ್ದರಂತೆ. ಹೆಡ್‌ಮಾಸ್ತರರು ಇಪ್ಪತ್ತೊಂಬತ್ತೇ ಎಂದು ಒತ್ತಿ ಹೇಳಿದ್ದರು. ಈಗ ಅದೇ ಶೀಟು ಅದೇ ಸಾಲಿನಲ್ಲಿ ಮೂವತ್ತು ಎಂದು ತೋರಿಸುತ್ತಿತ್ತು. ಕರಡಿನಲ್ಲಿ ಇಪ್ಪತ್ತೊಂಬತ್ತು, ಪುಸ್ತಕದಲ್ಲಿ ಮೂವತ್ತು ಎಂದಾದರೆ ಆ ತಾಯಿ ನನ್ನನ್ನು ಸುಳ್ಳಿ ಎನ್ನದೆ ಇನ್ನೇನು ಅಂದಾರು?

ಮೊದಲು ಅನುಮಾನ ಬಂದದ್ದು ಹೆಡ್‌ಮಾಸ್ತರರ ಮೇಲೆ. ಹಿಂದಿನ ಸಂಜೆ ಕಾಗುಣಿತ ನೋಡುತ್ತೇನೆಂದು ಕೂತು ಒಂದು ಬೆರಳಿನಲ್ಲಿ ಏನೇನೋ ಒತ್ತಿದ್ದರು. ಆದರೆ ಮೇಲೆ ಕೆಳಗೆ ಓಡಾಡಿ ನೋಡಿದರೆ ಕೆಟ್ಟಿದ್ದು ನನ್ನೊಬ್ಬಳ ಸಾಲಲ್ಲ. ಕಾಗವಾಡದ ನರ್ಸಿಗೆ ಒಂದು ವರ್ಷ ಹೆಚ್ಚಾಗಿತ್ತು, ಅಥಣಿಯ ಕಂಡಕ್ಟರಿಗೆ ಒಂದು, ರಾಯಬಾಗದ ಅಕ್ಕತಂಗಿಯರಿಬ್ಬರಿಗೂ ಒಂದೊಂದು. ಅಲ್ಲೊಬ್ಬರು ಇಲ್ಲೊಬ್ಬರನ್ನು ಬಿಟ್ಟರೆ ಇಡೀ ಸಮಾಜಕ್ಕೆ ರಾತ್ರಿ ಕಳೆಯುವುದರೊಳಗೆ ವಯಸ್ಸಾಗಿತ್ತು.

ವಯಸ್ಸಿನ ಆ ಕಾಲಮ್ಮು ನನ್ನ ಹೆಮ್ಮೆಯ ಕಾಲಮ್ಮು. ಒಬ್ಬೊಬ್ಬರ ವಯಸ್ಸನ್ನೂ ಕೂಡಿಸಿ ಕಳೆದು ಟೈಪ್ ಮಾಡುವ ಬದಲು ಒಂದು ಸೂತ್ರ ಬರೆದಿದ್ದೆ. ಅದು ಹುಟ್ಟಿದ ದಿನಾಂಕ ನೋಡುತ್ತದೆ, ಇವತ್ತಿನ ದಿನಾಂಕ ನೋಡುತ್ತದೆ, ತುಂಬಿದ ವರ್ಷ ಎಷ್ಟೆಂದು ತಾನೇ ಹೇಳುತ್ತದೆ. ಹೆಡ್‌ಮಾಸ್ತರರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ ಬೇರೆ. ಶೀಟು ತೆರೆದಾಗಲೆಲ್ಲ ಅದು ಹೊಸದಾಗಿ ಲೆಕ್ಕ ಹಾಕುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ಕಳೆದದ್ದು ಒಂದು ರಾತ್ರಿ. ಒಂದು ರಾತ್ರಿಗೆ ಒಂದು ವರ್ಷ ಎಂದರೆ ಯಾವ ಲೆಕ್ಕ? ಶೀಟಿಗೇ ಏನೋ ರೋಗ ಬಡಿದಿದೆ ಎಂದು ತೀರ್ಮಾನಿಸಿದೆ.

ಲೆಕ್ಕ ಹಾಕುವುದನ್ನೇ ನಿಲ್ಲಿಸಿದರಾಯಿತು ಎಂದುಕೊಂಡೆ. ತಾನಾಗಿ ಲೆಕ್ಕ ಹಾಕು ಎಂದಿದ್ದುದನ್ನು ತೆಗೆದು, ನಾನು ಹೇಳಿದಾಗ ಮಾತ್ರ ಹಾಕು ಎಂದು ಬದಲಿಸಿದೆ. ಕಂಪ್ಯೂಟರಿನ ಗಡಿಯಾರವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿ, ಲೆಕ್ಕ ಹಾಕಿಸುವ ಎಫ್ ನೈನ್ ಗುಂಡಿ ಒತ್ತಿದೆ. ಎಲ್ಲರೂ ಒಟ್ಟಿಗೆ ಒಂದು ವರ್ಷ ಚಿಕ್ಕವರಾದರು. ನನ್ನ ಇಪ್ಪತ್ತೊಂಬತ್ತು ತಿರುಗಿ ಬಂತು. ಗಡಿಯಾರವನ್ನು ಸರಿಪಡಿಸಿ, ಇನ್ನು ಪ್ರೆಸ್ಸಿಗೆ ಕಳಿಸುವುದೊಂದೇ ಬಾಕಿ ಎಂದು ಸೇವ್ ಮಾಡಿದೆ. ಕಣ್ಣ ಮುಂದೆಯೇ ಅಂಕಿಗಳು ಒಮ್ಮೆ ಮಿಟುಕಿ, ಮೂವತ್ತು.

ನಾನು ಹೇಳದೆ ಲೆಕ್ಕ ಹಾಕಬೇಡ ಎಂದರೂ ಸೇವ್ ಮಾಡುವ ಮುಂಚೆ ಒಂದು ಸಲ ಹಾಕಿಯೇ ತೀರುತ್ತದಂತೆ ಅದು. ಅದನ್ನು ತಪ್ಪಿಸಲು ಬೇರೆಯೇ ಒಂದು ಚೌಕದ ಟಿಕ್ಕು ತೆಗೆಯಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹುಡುಕಿ ಹುಡುಕಿ ಆ ಚೌಕ ಸಿಗುವಷ್ಟರಲ್ಲಿ ಮೈ ಪರಚಿಕೊಳ್ಳುವಂತಾಗಿತ್ತು. ಗಡಿಯಾರವನ್ನು ನಿನ್ನೆಗೇ ಬಿಟ್ಟು ಪ್ರೆಸ್ಸಿಗೆ ಇಮೇಲ್ ಮಾಡೋಣವೆಂದರೆ ಇಮೇಲೇ ತೆರೆಯಲಿಲ್ಲ, ನಿಮ್ಮ ಗಡಿಯಾರ ತಪ್ಪಿದೆ ಎಂದು ನನಗೇ ಬುದ್ಧಿ ಹೇಳಿತು. ಗಡಿಯಾರ ತಪ್ಪಿದ್ದು ಅದಕ್ಕೆ ಕಾಣುತ್ತದೆ, ನನ್ನ ವಯಸ್ಸು ತಪ್ಪಿದ್ದು ಕಾಣುವುದಿಲ್ಲ.

ಟಿಕ್ಕು ತೆಗೆದು, ಇಪ್ಪತ್ತೊಂಬತ್ತು ತಂದು, ಸೇವ್ ಮಾಡಿ, ಮುಚ್ಚಿ, ಗೆದ್ದೆ ಎಂದು ನೀರು ಕುಡಿದೆ. ಅಷ್ಟರಲ್ಲಿ ಒಬ್ಬರು ಗಿರಾಕಿ ಬಂದರು. ಅವರ ಕೆಲಸಕ್ಕೆ ಬೇರೊಂದು ಶೀಟು ತೆರೆದೆ. ಆಮೇಲೆ ನಮ್ಮ ಪುಸ್ತಕದ ಶೀಟು ತೆರೆದರೆ ಮತ್ತೆ ಮೂವತ್ತು. ಮೊದಲು ಯಾವ ಶೀಟು ತೆರೆದಿರುತ್ತದೋ ಅದರ ಲೆಕ್ಕದ ಪದ್ಧತಿಯೇ ಆಮೇಲೆ ತೆರೆದದ್ದಕ್ಕೂ ಹತ್ತಿಕೊಳ್ಳುತ್ತದೆ ಎಂಬುದು ಇದರ ಇನ್ನೊಂದು ಗುಣ. ಮೊದಲು ಬಂದವರ ಮಾತೇ ಮಾತು. ನಮ್ಮ ಸಮಾಜದ ಮೀಟಿಂಗಿನಲ್ಲೂ ಹೀಗೆಯೇ ನಡೆಯುತ್ತದೆ, ಆದರೆ ಅಲ್ಲಿ ಎದ್ದು ನಿಂತು ಜಗಳವಾದರೂ ಆಡಬಹುದು. ಈ ಡಬ್ಬಿಯ ಜೊತೆ ಏನು ಜಗಳ? ಬಾಯಿಗೆ ಬಂದಂತೆ ಬೈದೆ. ಗಿರಾಕಿ ತಮ್ಮನ್ನೇ ಬೈದೆನೆಂದು ತಿಳಿದು ಹೊರಗೆ ಹೋಗಿ ನಿಂತರು.

ಹೆಡ್‌ಮಾಸ್ತರರು ಬಂದದ್ದು ಇದೇ ಹೊತ್ತಿಗೆ. ಪುಸ್ತಕ ಎಲ್ಲಿ ಎಂದು ನಿಪ್ಪಾಣಿಯ ಪ್ರೆಸ್ಸಿನವರು ಅವರಿಗೆ ಫೋನು ಮಾಡಿದ್ದರು. ಚೀಲ ಕೆಳಗಿಟ್ಟು ನನ್ನ ಬೆನ್ನ ಹಿಂದೆ ನಿಂತು, ಒಮ್ಮೆ ಆರಿಸಿ ಹಚ್ಚಿ ನೋಡು ಎಂದರು. ಕಂಪ್ಯೂಟರ್ ಎಷ್ಟೆಂದರೂ ಮನುಷ್ಯ ಮಾಡಿದ್ದು, ಕೈಯಲ್ಲಿ ಬರೆದಿದ್ದರೆ ಇದು ಆಗುತ್ತಿರಲಿಲ್ಲ ಎಂದರು. ನಾನು ಕೀಲಿಗಳನ್ನು ಇನ್ನಷ್ಟು ಜೋರಾಗಿ ಕುಟ್ಟಿದೆ. ಗುರುಗಳಿಗೆ ಎದುರಾಡುವ ರೂಢಿ ನನಗೆ ಅಲ್ಲಿಯ ತನಕ ಇರಲಿಲ್ಲ.

ವಯಸ್ಸು ಏರದ ಆ ನಾಲ್ಕಾರು ಮಂದಿ ನನಗೆ ಆಗ ನೆನಪಾದರು. ಅವರ ಸಾಲಿನಲ್ಲಿ ಮಾತ್ರ ಸೂತ್ರ ಸರಿಯಾಗಿರಬೇಕು, ಉಳಿದವರದು ಕೆಟ್ಟಿರಬೇಕು ಎಂದುಕೊಂಡು ಒಂದರ ಪಕ್ಕ ಒಂದನ್ನಿಟ್ಟು ಹೋಲಿಸಿದೆ. ಒಂದು ಚುಕ್ಕೆಯ ವ್ಯತ್ಯಾಸವೂ ಇರಲಿಲ್ಲ. ಕಡೆಗೆ, ಬೇರೆ ದಾರಿ ಕಾಣದೆ, ಹುಟ್ಟಿದ ದಿನಾಂಕದ ಕಾಲಮ್ಮನ್ನು ಮೇಲಿನಿಂದ ಓದುತ್ತ ಬಂದೆ. ಒಂದು ಆರು. ಒಂದು ಆರು. ಒಂದು ಆರು. ನಡುವೆ ನಿಪ್ಪಾಣಿಯ ದವಾಖಾನೆಯಲ್ಲಿ ಹುಟ್ಟಿದ ಒಬ್ಬಳು ಜನವರಿಯವಳು. ಮತ್ತೆ ಒಂದು ಆರು, ಒಂದು ಆರು. ತಲೆಯೆತ್ತಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತು ಜೂನ್ ಒಂದು.

ಈ ದಿನಾಂಕಗಳನ್ನೆಲ್ಲ ಟೈಪ್ ಮಾಡಿದವಳು ನಾನೇ. ಒಂದು ಸಲವೂ ಇದೇನಿದು ಎಂದು ಅನ್ನಿಸಿರಲಿಲ್ಲ. ನಮ್ಮ ಕಡೆ ಜೂನ್ ಒಂದು ಎಂಬುದು ದಿನಾಂಕವಲ್ಲ, ಆ ಕಾಲಮ್ಮಿನಲ್ಲಿ ಬರೆಯುವ ಮಾತು. ಮಗುವನ್ನು ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಬರುತ್ತಾನೆ, ಹುಟ್ಟಿದ್ದು ಯಾವಾಗ ಎಂದರೆ ಹಬ್ಬದ ಹೆಸರೋ ಮಳೆಯ ಹೆಸರೋ ಹೇಳುತ್ತಾನೆ, ಮಾಸ್ತರರು ಮುಖ ನೋಡಿ ವರ್ಷ ಅಂದಾಜು ಮಾಡಿ, ಶಾಲೆ ಸುರುವಾಗುವ ಜೂನ್ ಒಂದನ್ನು ಬರೆದುಕೊಳ್ಳುತ್ತಾರೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರದಲ್ಲಿ ಅದೇ ಇದೆ. ನನ್ನ ಜೊತೆ ಕಲಿತವರದೂ ಅದೇ. ಹುಟ್ಟುಹಬ್ಬ ಎಂದು ನಾವು ಯಾರೂ ಅವತ್ತು ಸಿಹಿ ತಿಂದವರಲ್ಲ. ಹೀಗಾಗಿ ನೆನಪಿರುವುದೂ ಇಲ್ಲ.

ಅಂದರೆ ಶೀಟಿಗೆ ಯಾವ ರೋಗವೂ ಬಡಿದಿರಲಿಲ್ಲ. ಅದು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತ್ತು. ಬೆಳಗಿನಿಂದ ನಾನು ಬಡಿದಾಡಿದ್ದು ಸರಿಯಾದ ಲೆಕ್ಕದ ಮೇಲೆ. ಅದು ಗೊತ್ತಾದಾಗ ಸಮಾಧಾನ ಆಗಬೇಕಿತ್ತು. ಸಿಟ್ಟು ನೆತ್ತಿಗೇರಿತು. ಏಕೆಂದರೆ ನಮ್ಮೂರ ಸುತ್ತಿನ ಹುಡುಗರಿಗೆಲ್ಲ ಈ ಜೂನ್ ಒಂದನ್ನು ಬರೆದ ಕೈ ನನ್ನ ಬೆನ್ನ ಹಿಂದೆಯೇ ಇತ್ತು. ಅಷ್ಟು ಹೊತ್ತು ಕಂಪ್ಯೂಟರಿಗೆ ಬುದ್ಧಿ ಹೇಳುತ್ತಿದ್ದವರೂ ಅವರೇ.

ಕುರ್ಚಿ ತಿರುಗಿಸಿ ಕೇಳಿಯೇ ಬಿಟ್ಟೆ. "ಗುರುಗಳ, ನಾ ಹುಟ್ಟಿದ್ದು ದಸರಾ ಆದಮ್ಯಾಲ ಅಂತ ನಮ್ಮವ್ವ ಅಂತಾಳ. ನೀವ್ಯಾಕ ಜೂನ್ ಒಂದ ಬರದ್ರಿ? ಖರೇ ದಿನಾ ಬರದಿದ್ರ ನನಗ ಇವತ್ತ ಮೂವತ್ತ ಆಗ್ತಿದ್ದಿಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ತಪ್ಪಾಯಿತು ಎನ್ನುತ್ತಾರೇನೋ ಎಂದುಕೊಂಡೆ. ಅವರ ದನಿಯಲ್ಲಿ ತಪ್ಪಿತಸ್ಥರ ಗುರುತೇ ಇರಲಿಲ್ಲ.

"ನಿಮ್ಮಪ್ಪನೂ ದಸರಾ ಆದಮ್ಯಾಲ ಅಂತನ ಅಂದ. ವಯಸ್ಸ ತುಂಬಾಕ ಇನ್ನಾ ನಾಕೈದ ತಿಂಗಳ ಕಡಿಮಿ ಇತ್ತ. ಹಂಗಾದ್ರ ಮುಂದಿನ ವರ್ಷ ಕರಕೊಂಡ ಬರ್ತೀನ್ರಿ ಅಂತ ನಿನ್ನ ಕೈ ಹಿಡಕೊಂಡ ಹೊಂಟಿದ್ದ. ಮುಂದಿನ ವರ್ಷ ಅಂತ ಹೇಳಿ ಹೋದ ಹೆಣ್ಣ ಹುಡುಗ್ಯಾರು ಒಬ್ಬಾಕೀನೂ ತಿರುಗಿ ಬರಲಿಲ್ಲ, ತಂಗಿ. ಅದಕ ಕರದ ಕೂಡ್ರಿಸಿ ಜೂನ್ ಒಂದ ಬರದೆ."

ನಾನು ಕುರ್ಚಿಯನ್ನು ಮತ್ತೆ ಪರದೆಯ ಕಡೆ ತಿರುಗಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಳಿಸಬೇಕು ಎಂಬುದು ಗೊತ್ತಾಗದೆ ಹೋಯಿತು. ಅವರಾದರೂ ಸುಮ್ಮನಿರಬೇಕಲ್ಲ, ಹೋಗಲಿ, ಜನ ಕರಡಿನಲ್ಲಿ ನೋಡಿದ ವಯಸ್ಸೇ ಇರಲಿ, ನಿನ್ನೆಯ ಅಂಕಿಗಳನ್ನೇ ಹಾಕು ಎಂದು ಅಪ್ಪಣೆ ಮಾಡಿ ಚಹಾ ಕುಡಿಯಲು ಹೋದರು.

ನಿನ್ನೆಯ ಅಂಕಿಗಳನ್ನು ಹಾಕುವುದು ಕಷ್ಟವಿರಲಿಲ್ಲ. ಕಾಲಮ್ಮನ್ನು ಕಾಪಿ ಮಾಡಿ, ಸೂತ್ರ ಬಿಟ್ಟು ಬರೀ ಅಂಕಿಗಳನ್ನು ಅದರ ಮೇಲೆಯೇ ಅಂಟಿಸಿದರೆ ಮುಗಿಯಿತು, ಆಮೇಲೆ ಯಾವ ಗಡಿಯಾರವೂ ಅವನ್ನು ಅಲುಗಿಸುವುದಿಲ್ಲ. ಇಷ್ಟು ಸಣ್ಣ ಉಪಾಯ ಬೆಳಿಗ್ಗೆಯೇ ಹೊಳೆಯಬಾರದಿತ್ತೇ ಎಂದು ಹಣೆ ಚಚ್ಚಿಕೊಂಡೆ. ಆದರೆ ಈಗ ತೊಡಕು ಬೇರೆಯದೇ ಆಗಿತ್ತು. ಅಲುಗದಂತೆ ಕೂರಿಸಬೇಕಾದ್ದು ಯಾವ ಅಂಕಿಯನ್ನು? ಇಪ್ಪತ್ತೊಂಬತ್ತು ಎಂದರೆ ಕಾಗದದ ಪ್ರಕಾರ ಸುಳ್ಳು, ಭಾನುವಾರ ಯಾರಾದರೂ ಆಧಾರ ಕೇಳಿದರೆ ಸಿಕ್ಕಿಬೀಳುತ್ತೇನೆ. ಮೂವತ್ತು ಎಂದರೆ ಅವ್ವನ ಪ್ರಕಾರ ಸುಳ್ಳು, ಮೇಲಾಗಿ ಹಾರೂಗೇರಿಯವರು ಕೈಬಿಟ್ಟಾರು. ನನ್ನದೊಂದೇ ಅಲ್ಲ, ಆ ಶೀಟಿನಲ್ಲಿ ಜೂನ್ ಒಂದರವರು ಯಾರ ಅಂಕಿಯೂ ನಿಜವಲ್ಲ. ತಲೆ ಕೆಟ್ಟು ಹೋಗಿ ವಯಸ್ಸಿನ ಕಾಲಮ್ಮನ್ನು ಹಿಡಿದು ಪೂರ್ತಿ ಅಳಿಸಿಬಿಟ್ಟೆ. ಹುಟ್ಟಿದ ದಿನಾಂಕ ಇದೆಯಲ್ಲ, ಬೇಕಾದವರು ತಾವೇ ಲೆಕ್ಕ ಹಾಕಿಕೊಳ್ಳಲಿ. ಹೆಡ್‌ಮಾಸ್ತರರು ಚಹಾ ಮುಗಿಸಿ ಬರುವಷ್ಟರಲ್ಲಿ ಪುಸ್ತಕ ನಿಪ್ಪಾಣಿಗೆ ಹೋಗಿತ್ತು.

ಭಾನುವಾರ ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ ಪುಸ್ತಕ ಹಂಚಿದರು. ವೇದಿಕೆಯ ಮೇಲೆ ಕೂತ ಹೆಡ್‌ಮಾಸ್ತರರು ಪುಟ ತಿರುವಿ ನನ್ನತ್ತ ನೋಡಿದ ನೋಟಕ್ಕೆ ಒಂದನೇ ಇಯತ್ತೆಯಲ್ಲಾಗಿದ್ದರೆ ನಾನು ಅತ್ತುಬಿಡುತ್ತಿದ್ದೆ. ನಾನು ಅವ್ವನ ಬೆನ್ನ ಹಿಂದೆ ಸರಿದು ಕೂತೆ. ಬಂದವರೆಲ್ಲ ವಯಸ್ಸು ಹುಡುಕಿದರು, ಸಿಗಲಿಲ್ಲ. ಹುಟ್ಟಿದ ದಿನಾಂಕ ನೋಡಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಕಡೆಗೆ ಅಥಣಿಯ ಹೆಂಗಸೊಬ್ಬರು ಎದ್ದು ನಿಂತು, ನಮ್ಮ ಸಮಾಜದವರು ಎಲ್ಲರೂ ಒಂದೇ ದಿನ ಹಡೆದಿದ್ದಾರೇನು ಎಂದು ಮೈಕಿನ ಹತ್ತಿರದವರನ್ನು ಕೇಳಿದರು. ಇಡೀ ಕಾರ್ಯಾಲಯ ನಕ್ಕಿತು. ಹೆಡ್‌ಮಾಸ್ತರರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಮುಂದೆ ಕಾರ್ಯಕ್ರಮ ಅವರ ಕೈಯಲ್ಲಿ ಉಳಿಯಲಿಲ್ಲ. ತಾಯಂದಿರು ಪಕ್ಕದವರಿಗೆ ತಮ್ಮ ಮಕ್ಕಳ ಖರೆ ಹುಟ್ಟನ್ನು ಹೇಳತೊಡಗಿದರು. ಒಬ್ಬರ ಮಗ ಕೃಷ್ಣೆಗೆ ನೆರೆ ನೀರು ಬಂದ ವರ್ಷದವನು. ಇನ್ನೊಬ್ಬರ ಮಗಳು ತಂಬಾಕಿನ ಹಂಗಾಮಿನಲ್ಲಿ ಹುಟ್ಟಿದವಳು. ವೇದಿಕೆಯಿಂದ ಹೆಸರು ಕರೆಯುತ್ತಿದ್ದರೂ ಯಾರೂ ಕಿವಿಗೊಡಲಿಲ್ಲ. ನನಗೆ ಮಾತ್ರ ಆ ಗದ್ದಲ ಸಂತೋಷ ಕೊಡಲಿಲ್ಲ. ಸಾಲುಗಳ ನಡುವೆ ಒಬ್ಬರು ಎತ್ತರದ ಹೆಂಗಸು ಪುಸ್ತಕದಲ್ಲಿನ ನನ್ನ ಫೋಟೋವನ್ನೂ ಎದುರಿಗಿದ್ದ ಮುಖಗಳನ್ನೂ ಹೋಲಿಸುತ್ತ ಬರುತ್ತಿದ್ದರು. ಅವರ ಹಿಂದೆ ಒಬ್ಬ ಗಂಡಸು, ಬಿಳಿ ಅಂಗಿ, ಉಗುರ ಸಂದಿಯಲ್ಲಿ ಮೋಟಾರಿನ ಕಪ್ಪು.

ಹಾರೂಗೇರಿಯ ಆ ತಾಯಿ ಅವ್ವನ ಎದುರು ಕುರ್ಚಿ ಎಳೆದುಕೊಂಡು ಕೂತು, ಊರು ಬಳಗ ಎಲ್ಲ ಕೇಳಿ, ಪುಸ್ತಕದಾಗ ವಯಸ್ಸೇ ಇಲ್ಲವಲ್ಲ, ಹುಡುಗಿಗೆ ಈಗ ಎಷ್ಟು ಎಂದು ನೇರವಾಗಿ ಕೇಳಿದರು. ಮಗ ನಿಂತೇ ಇದ್ದ. ಅವ್ವನಿಗೆ ಅಂಕಿ ಗೊತ್ತಿಲ್ಲ. ಅವಳು ಹೇಳಿದ್ದು ಬೇರೆ.

"ಆಕಿ ಹುಟ್ಟಿದ್ದು ಸೀಗಿ ಹುಣ್ಣಿಮಿ ದಿನಾರಿ. ಹೊಲಕ್ಕ ಚರಗ ಚೆಲ್ಲಾಕ ಹೋಗಬೇಕಂತ ಕಡಬ ಮಾಡಿ, ರೊಟ್ಟಿ ಬಡದ, ಬುತ್ತಿ ಕಟ್ಟಿ ಇಟ್ಟಿದ್ದೆ. ಬುಟ್ಟಿ ಎತ್ತಾಕ ಬಗ್ಗಿದಾಕಿ ಹಂಗ ಕುಂತೆ. ಹೊಲದ ಬುತ್ತಿ ಮನ್ಯಾಗ ಉಳೀತ. ಸೂಲಗಿತ್ತಿ ಅದನ್ನ ಬಿಚ್ಚಿ ಉಂಡ, ಹೊಲಕ್ಕ ಹೋಗಬೇಕಾದ್ದ ನಿನ್ನ ಮಗಳಿಗಿ ಬಂತ ನೋಡ ಅಂದಳ್ರಿ."

ಈ ಕಥೆಯನ್ನು ನಾನು ಕೇಳಿಯೇ ಇರಲಿಲ್ಲ. ದಸರೆ ಆದಮೇಲೆ ಎಂಬುದೊಂದೇ ಗೊತ್ತಿತ್ತು, ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವ ಆ ಹುಣ್ಣಿಮೆ ಎಂಬುದು ಗೊತ್ತಿರಲಿಲ್ಲ. ಇಷ್ಟು ವರ್ಷ ನನಗೆ ಹೇಳದ್ದನ್ನು ಅವ್ವ ಅಪರಿಚಿತರೊಬ್ಬರಿಗೆ, ಅದೂ ನನ್ನನ್ನು ಮದುವೆ ಮಾಡಿ ದಾಟಿಸಲೆಂದು ಹೇಳುತ್ತಿದ್ದಳು. ಆ ತಾಯಿ ಮಾತ್ರ ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತ, ಪುಸ್ತಕದಲ್ಲಿದ್ದ ನನ್ನ ಹುಟ್ಟಿದ ವರ್ಷದ ಸೀಗಿ ಹುಣ್ಣಿಮೆಯಿಂದ ಹಿಡಿದು ಅವತ್ತಿನ ತನಕ ಲೆಕ್ಕ ಹಾಕಿ, ಹಂಗಾದ್ರ ಇನ್ನೂ ಮೂವತ್ತು ತುಂಬಿಲ್ಲ ಎಂದು ಮುಖ ಅರಳಿಸಿದರು. ಅವ್ವನ ಮುಖವೂ ಅರಳಿತು.

ನಾನು ಸುಮ್ಮನಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಇಡೀ ಬೆಳಿಗ್ಗೆ ಆ ಡಬ್ಬಿಯ ಜೊತೆ ಬಡಿದಾಡಿ ನಾನು ಬೇಡಿದ್ದು ಇದನ್ನೇ. ಆದರೆ ಆ ಬೆರಳುಗಳನ್ನು ನೋಡುತ್ತ ಮತ್ತೆ ಅದೇ ಸಿಟ್ಟು ಹತ್ತಿ ಬಂತು. ಯಾರೋ ಎಲ್ಲೋ ಒಂದು ಗುಂಡಿ ಒತ್ತಿದರೆ ಮೂವತ್ತು, ಇನ್ಯಾರೋ ಬೆರಳು ಮಡಚಿದರೆ ಇಪ್ಪತ್ತೊಂಬತ್ತು. ಶಾಲೆಯ ಬಾಗಿಲಿನಿಂದ ನನ್ನ ಕೈ ಹಿಡಿದು ಹೊರಟಿದ್ದ ಅಪ್ಪನೂ, ಕರೆದು ಕೂಡಿಸಿದ ಹೆಡ್‌ಮಾಸ್ತರರೂ ಕಣ್ಣ ಮುಂದೆ ಬಂದರು. ವೇದಿಕೆಯ ಮೇಲೆ ಅವರು ಇನ್ನೂ ಮೈಕು ಹಿಡಿದು ಯಾರೂ ಕೇಳದ ಹೆಸರುಗಳನ್ನು ಕರೆಯುತ್ತಲೇ ಇದ್ದರು.

"ತುಂಬೇತ್ರಿ" ಎಂದೆ. "ಜೂನ್ ಒಂದಕ್ಕ ನನಗ ಮೂವತ್ತ ತುಂಬೇತಿ. ಸೀಗಿ ಹುಣ್ಣಿಮಿಗಿ ಹುಟ್ಟಿದಾಕಿ ಸಾಲಿಗಿ ಹೋಗತಿದ್ದಿಲ್ರಿ."

ಅವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ಹಾರೂಗೇರಿಯ ತಾಯಿ ಮಗನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆಯೇ, "ಬಾಯಿ ಭಾಳ ಜೋರ ಐತಿ" ಎಂದರು.

ಆತ ಬೆರಳಿಟ್ಟು ಹಿಡಿದಿದ್ದ ತನ್ನ ಪುಟವನ್ನು ತೆರೆದು ಅಪೇಕ್ಷೆಯ ಸಾಲನ್ನು ತಾಯಿಯ ಮುಂದೆ ಹಿಡಿದ. "ನಾ ಬೇಕಂತ ಬರಸಿದ್ದ ಅದನ್ನ, ಅವ್ವಾ."

ನಮ್ಮವ್ವ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ನಿಂತೇ ಇದ್ದ ಆತನಿಗೆ ಕುರ್ಚಿ ಬಿಟ್ಟಳು.